ಸುಣ್ಣದ ಹರಳು ಕುದಿಯುವುದೇಕೆ: ರಾಸಾಯನಿಕ ಕ್ರಿಯೆಯೊಳಗಿನ ಲೆಕ್ಕ, ದಿಕ್ಕು ಮತ್ತು ವೇಗ

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವ ರೂಢಿಯಿದ್ದ ದಿನಗಳಲ್ಲಿ ನಮ್ಮ ಅಂಗಳದ ಮೂಲೆಯಲ್ಲಿ ಒಂದು ಹಳೆಯ ಅರ್ಧ ಡ್ರಮ್ಮನ್ನು ಇಟ್ಟು, ಅದರೊಳಗೆ ಸುಣ್ಣದ ಹರಳುಗಳನ್ನು ಸುರಿದು, ಮಕ್ಕಳನ್ನೆಲ್ಲ ದೂರಕ್ಕೆ ಕಳುಹಿಸಿದ ಮೇಲೆಯೇ ಹಿರಿಯರು ನೀರು ಹೊಯ್ಯುತ್ತಿದ್ದರು. ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ನೀರು ಹರಳಿನೊಳಗೆ ಇಂಗುತ್ತದೆ, ಅಷ್ಟೆ. ಆಮೇಲೆ ಎಲ್ಲೋ ಒಂದು ಕಡೆ ಚಟ್ಟೆಂದು ಬಿರುಕು ಬಿಡುವ ಸದ್ದು ಕೇಳಿಸುತ್ತದೆ, ಹರಳು ಉಬ್ಬುತ್ತದೆ, ಆವಿ ಏಳುತ್ತದೆ, ನೋಡನೋಡುತ್ತಿದ್ದಂತೆ ಇಡೀ ಡ್ರಮ್ಮು ಕೊತಕೊತನೆ ಕುದಿಯತೊಡಗುತ್ತದೆ. ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ. ಹಾಗಿದ್ದರೆ ಅಷ್ಟೊಂದು ಬಿಸಿ ಎಲ್ಲಿತ್ತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ರಸಾಯನಶಾಸ್ತ್ರದ ಬುನಾದಿಯ ಬಹುಪಾಲು ಕೈಗೆ ಸಿಕ್ಕಂತೆ ಎಂಬುದು ನನ್ನ ದೃಢವಾದ ನಂಬಿಕೆ.

ಶಾಲೆಯಲ್ಲಿ ರಾಸಾಯನಿಕ ಕ್ರಿಯೆ ಎಂದೊಡನೆ ಸಮೀಕರಣ ಸರಿದೂಗಿಸುವುದನ್ನು ಕಲಿಸುತ್ತಾರೆ. ಅದು ಅಗತ್ಯವೇ, ಆದರೆ ಅದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಯಾವ ಕ್ರಿಯೆಯ ಬಗೆಗಾದರೂ ಕೇಳಬೇಕಾದ ಪ್ರಶ್ನೆಗಳು ಬೇರೆ ಬೇರೆಯಾಗಿವೆ: ಯಾವ ಪರಮಾಣು ಎಷ್ಟು, ಎಲ್ಲಿಂದ ಎಲ್ಲಿಗೆ ಹೋಯಿತು, ಕ್ರಿಯೆ ಆ ಕಡೆಗೇ ಏಕೆ ಸಾಗಿತು, ಹಿಂದಕ್ಕೇಕೆ ಸಾಗಲಿಲ್ಲ, ಸಾಗುವುದಾದರೂ ಎಷ್ಟು ಬೇಗ ಸಾಗಿತು. ವಿದ್ಯಾರ್ಥಿಗಳ ಗೊಂದಲದಲ್ಲಿ ಹೆಚ್ಚಿನದು ಇವುಗಳನ್ನು ಒಂದರೊಳಗೊಂದು ಬೆರೆಸಿಕೊಳ್ಳುವುದರಿಂದಲೇ ಹುಟ್ಟುತ್ತದೆ. ಸುಣ್ಣ ಈ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ತೋರಿಸಿಕೊಡುವ ಅಪರೂಪದ ವಸ್ತು.

ಮೊದಲು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಆಡುಮಾತಿನಲ್ಲಿ ಮೂರು ಬೇರೆ ವಸ್ತುಗಳಿಗೆ ನಾವು ಸುಣ್ಣವೆಂದೇ ಹೇಳುತ್ತೇವೆ. ನೆಲದಿಂದ ಅಗೆದು ತೆಗೆಯುವ ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯಲ್ಲಿ ಸುಣ್ಣ ಮಾಡಲು ಸುಡುವ ಕಪ್ಪೆಚಿಪ್ಪೂ ಮುಖ್ಯವಾಗಿ ಅದೇ. ಅದನ್ನು ಭಟ್ಟಿಯಲ್ಲಿ ಸುಟ್ಟಾಗ ಸಿಗುವ ಹರಳು, ಅಂದರೆ ಸುಟ್ಟ ಸುಣ್ಣ, ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿದಾಗ ಆಗುವುದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್; ಗೋಡೆಗೆ ಬಳಿಯುವುದೂ ಎಲೆಅಡಿಕೆಯ ಜೊತೆ ಸುಣ್ಣದ ಕಾಯಿಯಿಂದ ತೆಗೆದು ಹಚ್ಚಿಕೊಳ್ಳುವುದೂ ಇದನ್ನೇ. ‘ಅರಳುವುದು’ ಎಂಬ ಕ್ರಿಯಾಪದವನ್ನು ಆರಿಸಿದವರು ಹರಳು ಉಬ್ಬಿ ಹಿಗ್ಗಿ ಹಿಟ್ಟಾಗುವುದನ್ನು ಕಣ್ಣಾರೆ ಕಂಡವರೇ ಇರಬೇಕು. ಬಳಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ನೆಲದಿಂದ ಬಂದ ಕಲ್ಲು ಭಟ್ಟಿ, ಡ್ರಮ್ಮು, ಕುಂಚಗಳನ್ನು ಹಾದು ಗೋಡೆಯ ಮೇಲೆ ತೆಳುವಾದ ಕಲ್ಲಾಗಿಯೇ ನಿಲ್ಲುತ್ತದೆ.

ಈ ಮೂರು ಹಂತಗಳನ್ನು ಹೀಗೆ ಬರೆಯಬಹುದು.

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಇಂದು ಇದು ಸರಳವಾಗಿ ಕಾಣುತ್ತದೆ. ಆದರೆ ಸುಟ್ಟ ಸುಣ್ಣಕ್ಕೆ ಆ ಸುಡುವ ಗುಣ ಬರುವುದು ಭಟ್ಟಿಯ ಬೆಂಕಿಯ ಅಂಶವೇ ಕಲ್ಲಿನೊಳಗೆ ಸೇರಿಕೊಳ್ಳುವುದರಿಂದ ಎಂದು ಹದಿನೆಂಟನೆಯ ಶತಮಾನದ ನಡುವಿನವರೆಗೂ ಯುರೋಪಿನ ವಿದ್ವಾಂಸರು ತಿಳಿದಿದ್ದರು. ಆ ಕಾಲಕ್ಕೆ ಅದು ಮೂರ್ಖ ಊಹೆಯೇನಲ್ಲ; ಕುದಿಯುವ ಡ್ರಮ್ಮನ್ನು ನೋಡಿದ ಯಾರಿಗೂ ಹಾಗೆಯೇ ಅನ್ನಿಸುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಮಾಡಿದ್ದು ಇಷ್ಟೆ: ಅವರು ತಕ್ಕಡಿಯನ್ನು ನಂಬಿದರು. ಸುಟ್ಟ ಮೇಲೆ ಕಲ್ಲಿಗೆ ಏನಾದರೂ ಸೇರಿದ್ದರೆ ಅದರ ತೂಕ ಹೆಚ್ಚಬೇಕಿತ್ತು, ಅದು ಗಣನೀಯವಾಗಿ ಕಡಿಮೆಯಾಗಿತ್ತು. ಕಲ್ಲಿನಿಂದ ಹೊರಟುಹೋದದ್ದು ಒಂದು ಅನಿಲ ಎಂದು ಅವರು ತೋರಿಸಿ, ಅದನ್ನು ‘ಕಟ್ಟುಬಿದ್ದ ಗಾಳಿ’ ಎಂಬರ್ಥದ ಹೆಸರಿನಿಂದ ಕರೆದು, 1756ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ನಾವು ಉಸಿರು ಬಿಡುವಾಗ ಹೊರಬರುವ ಗಾಳಿಯಲ್ಲಿಯೂ ಅದೇ ಅನಿಲವಿದೆ ಎಂಬುದನ್ನು ಅವರು ಕಂಡುಕೊಂಡದ್ದು ಆ ಅನಿಲ ಸೇರಿದರೆ ಬೆಳ್ಳಗಾಗುವ ಸುಣ್ಣದ ತಿಳಿನೀರಿನ ಸಹಾಯದಿಂದ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು: ಕ್ರಿಯೆಯ ಮೊದಲೂ ಆಮೇಲೂ ಒಟ್ಟು ತೂಕ ಒಂದೇ ಎಂಬ ರಾಶಿ ಸಂರಕ್ಷಣಾ ನಿಯಮವನ್ನು ರಸಾಯನಶಾಸ್ತ್ರದ ಅಡಿಗಲ್ಲಾಗಿಸಿದ ಫ್ರಾನ್ಸಿನ ಲಾವೋಸಿಯೆ 1789ರಲ್ಲಿ ಕೊಟ್ಟ 33 ಮೂಲವಸ್ತುಗಳ ಪಟ್ಟಿಯಲ್ಲಿ ಸುಣ್ಣವೂ ಇತ್ತು, ಏಕೆಂದರೆ ಆಗ ಅದನ್ನು ಇನ್ನಷ್ಟು ಒಡೆಯುವ ಉಪಾಯ ಯಾರಿಗೂ ಗೊತ್ತಿರಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಅದರೊಳಗಿನ ಕ್ಯಾಲ್ಸಿಯಂ ಲೋಹವನ್ನು ಬೇರ್ಪಡಿಸಿದ ಮೇಲೆಯೇ ಸುಣ್ಣ ಸಂಯುಕ್ತವಸ್ತು ಎಂಬುದು ಖಚಿತವಾಯಿತು.

ಇನ್ನು ಲೆಕ್ಕ. ಪರಮಾಣುಗಳ ಸಾಪೇಕ್ಷ ತೂಕ ಕ್ಯಾಲ್ಸಿಯಂಗೆ 40, ಕಾರ್ಬನ್‌ಗೆ 12, ಆಕ್ಸಿಜನ್‌ಗೆ 16. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್ ಇರುವುದರಿಂದ ಅದರ ಮೊತ್ತ ಸರಿಯಾಗಿ 100 ಆಗುತ್ತದೆ. ಲೆಕ್ಕ ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಸಂಯುಕ್ತ ಸಿಗಲಾರದು. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಪೂರ್ತಿಯಾಗಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿದು, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ಆ 56 ಕಿಲೋ 18 ಕಿಲೋ ನೀರನ್ನು ಕುಡಿದು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಅದು ಗೋಡೆಯ ಮೇಲೆ 44 ಕಿಲೋ ಕಾರ್ಬನ್ ಡೈಆಕ್ಸೈಡನ್ನು ಮರಳಿ ಪಡೆದು, 18 ಕಿಲೋ ನೀರನ್ನು ಬಿಟ್ಟುಕೊಟ್ಟು, ಮತ್ತೆ ನೂರು ಕಿಲೋ ಕಲ್ಲಾಗುತ್ತದೆ. ಒಂದು ಪರಮಾಣುವೂ ಹುಟ್ಟಲಿಲ್ಲ, ಒಂದೂ ಸಾಯಲಿಲ್ಲ. ಹೊರಟುಹೋದ 44 ಕಿಲೋ ಅನಿಲ ಹಗುರವಾದ ಸಂಗತಿಯೇನಲ್ಲ: ಸಾಧಾರಣ ಉಷ್ಣತೆಯಲ್ಲಿ ಅದು ಸುಮಾರು 24 ಘನ ಮೀಟರಿನಷ್ಟು ಜಾಗ ಹಿಡಿಯುತ್ತದೆ, ಎಂದರೆ ಮನೆಯ ಒಂದು ಸಣ್ಣ ಕೋಣೆಯನ್ನು ನೆಲದಿಂದ ಸೂರಿನವರೆಗೆ ತುಂಬುತ್ತದೆ.

ಪರಮಾಣುಗಳು ಸೇರುವುದು ಎಣಿಕೆಯ ಪ್ರಕಾರ, ನಾವು ಅಳೆಯುವುದು ತೂಕದ ಪ್ರಕಾರ. ಇವೆರಡರ ನಡುವಿನ ಸೇತುವೆಯೇ ಮೋಲ್. ನಾಣ್ಯಗಳ ಚೀಲವನ್ನು ಒಂದೊಂದಾಗಿ ಎಣಿಸದೆ, ಒಂದು ನಾಣ್ಯದ ತೂಕ ಗೊತ್ತಿದ್ದರೆ ಸಾಕೆಂದು ಇಡೀ ಚೀಲವನ್ನೇ ತೂಗಿ ಎಷ್ಟಿವೆ ಎಂದು ಹೇಳುವ ಉಪಾಯ ಇದು. ಡಜನ್ ಎಂದರೆ ಹನ್ನೆರಡು ಎಂಬಂತೆ ಮೋಲ್ ಎಂದರೆ 6.02214076 × 10²³. 2019ರಿಂದ ಈ ಸಂಖ್ಯೆಯನ್ನೇ ಮೋಲ್‌ನ ನಿಖರವಾದ ವ್ಯಾಖ್ಯೆಯಾಗಿ ಅಂಗೀಕರಿಸಲಾಗಿದೆ. ನೂರು ಗ್ರಾಂ ಸುಣ್ಣದ ಕಲ್ಲು ಒಂದು ಮೋಲ್, ಹದಿನೆಂಟು ಗ್ರಾಂ ನೀರು ಒಂದು ಮೋಲ್. ಸಮೀಕರಣದಲ್ಲಿ ಒಂದಕ್ಕೊಂದು ಎಂದು ಬರೆದದ್ದನ್ನು ಒಂದು ಗ್ರಾಂಗೆ ಒಂದು ಗ್ರಾಂ ಎಂದು ಓದಿಕೊಂಡರೆ ಲೆಕ್ಕ ತಪ್ಪುತ್ತದೆ. ಅದನ್ನು ಮೋಲ್‌ಗೆ ಮೋಲ್ ಎಂದೇ ಓದಬೇಕು.

ಈಗ ಆರಂಭದ ಪ್ರಶ್ನೆಗೆ ಬರೋಣ: ಬಿಸಿ ಎಲ್ಲಿತ್ತು? ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ; ಓದಿದವರೂ ಹೇಳುತ್ತಾರೆ. ಅದು ತಪ್ಪು, ಮತ್ತು ಆ ಒಂದು ತಪ್ಪು ಮುಂದಿನ ಎಲ್ಲ ತಿಳಿವಳಿಕೆಯನ್ನೂ ಕೆಡಿಸುತ್ತದೆ. ಬಂಧ ಮುರಿಯಲು ಯಾವಾಗಲೂ ಶಕ್ತಿ ವೆಚ್ಚವಾಗುತ್ತದೆ, ಬಂಧ ಕೂಡಿದಾಗ ಯಾವಾಗಲೂ ಶಕ್ತಿ ಹೊರಬರುತ್ತದೆ. ಕ್ರಿಯೆಯಲ್ಲಿ ಎರಡೂ ನಡೆಯುವುದರಿಂದ, ವೆಚ್ಚಕ್ಕಿಂತ ಆದಾಯ ಹೆಚ್ಚಿದ್ದರೆ ಅದು ಬಹಿರುಷ್ಣಕ ಕ್ರಿಯೆ, ಆದಾಯಕ್ಕಿಂತ ವೆಚ್ಚ ಹೆಚ್ಚಿದ್ದರೆ ಅಂತರುಷ್ಣಕ ಕ್ರಿಯೆ. ಸುಟ್ಟ ಸುಣ್ಣದಲ್ಲಿರುವುದು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಕ್ಯಾಲ್ಸಿಯಂ ಅಯಾನು ಮತ್ತು ಅವನ್ನು ಪಡೆದುಕೊಂಡ ಆಕ್ಸೈಡ್ ಅಯಾನು. ಈ ಆಕ್ಸೈಡ್ ಅಯಾನು ಹೈಡ್ರೋಜನ್ನಿಗಾಗಿ ಹಸಿದು ಕುಳಿತಿರುತ್ತದೆ. ನೀರಿನ ಅಣು ಹತ್ತಿರ ಬಂದ ಕೂಡಲೇ ಅದರಿಂದ ಒಂದು ಪ್ರೋಟಾನನ್ನು, ಅಂದರೆ ಎಲೆಕ್ಟ್ರಾನನ್ನು ಕಳೆದುಕೊಂಡ ಹೈಡ್ರೋಜನ್ನನ್ನು, ಕಿತ್ತುಕೊಳ್ಳುತ್ತದೆ, ಹೀಗೆ ಆಕ್ಸೈಡೂ ನೀರೂ ಎರಡು ಹೈಡ್ರಾಕ್ಸೈಡ್ ಅಯಾನುಗಳಾಗಿ ಮಾರ್ಪಡುತ್ತವೆ. ಹಳೆಯ ಬಂಧ ಬಿಡಿಸಲು ತಗುಲಿದ ವೆಚ್ಚವನ್ನೆಲ್ಲ ಕಳೆದು ಉಳಿಯುವ ಶಕ್ತಿ ಒಂದು ಮೋಲ್‌ಗೆ ಸುಮಾರು 65 ಕಿಲೋಜೌಲ್. ಒಂದು ಕಿಲೋ ಒಳ್ಳೆಯ ಸುಣ್ಣದ ಹರಳಿಗೆ ಇದು 1,100 ಕಿಲೋಜೌಲ್‌ಗಿಂತ ಹೆಚ್ಚಾಗುತ್ತದೆ. ಅಷ್ಟು ಶಾಖ ವ್ಯರ್ಥವಾಗದೆ ದಕ್ಕಿದರೆ ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು.

ಹಾಗಾದರೆ ಭಟ್ಟಿಯ ಬೆಂಕಿ ಕಲ್ಲಿನೊಳಗೆ ಸೇರಿತ್ತು ಎಂದ ಹಳಬರು ಪೂರ್ತಿ ತಪ್ಪಿದ್ದರೆ? ವಸ್ತುವಿನ ಲೆಕ್ಕದಲ್ಲಿ ತಪ್ಪಿದ್ದರು, ಶಕ್ತಿಯ ಲೆಕ್ಕದಲ್ಲಿ ಅಷ್ಟೇನೂ ತಪ್ಪಿರಲಿಲ್ಲ. ಒಂದು ಮೋಲ್ ಸುಣ್ಣದ ಕಲ್ಲನ್ನು ಒಡೆಯಲು ಸುಮಾರು 178 ಕಿಲೋಜೌಲ್ ಶಾಖ ಬೇಕು. ನೀರು ಹಾಕಿದಾಗ 65 ಹೊರಬರುತ್ತದೆ. ಗೋಡೆಯ ಮೇಲೆ ಮತ್ತೆ ಕಲ್ಲಾಗುವಾಗ ಸುಮಾರು 113 ಹೊರಬರುತ್ತದೆ. 65ಕ್ಕೆ 113 ಕೂಡಿಸಿ ನೋಡಿ: 178. ಭಟ್ಟಿಯಲ್ಲಿ ಪಡೆದ ಸಾಲವನ್ನು ಸುಣ್ಣ ಎರಡು ಕಂತುಗಳಲ್ಲಿ ಪೈಸೆ ಬಿಡದೆ ತೀರಿಸುತ್ತದೆ. ಯಾವ ದಾರಿಯಲ್ಲಿ ಹೋದರೂ ಹೊರಟ ಜಾಗ ಮತ್ತು ತಲುಪಿದ ಜಾಗ ಒಂದೇ ಆಗಿದ್ದರೆ ಶಾಖದ ಒಟ್ಟು ಲೆಕ್ಕ ಒಂದೇ ಎಂಬ ಈ ನಿಯಮವನ್ನು ಜರ್ಮೇನ್ ಹೆಸ್ 1840ರಲ್ಲಿ ಹೇಳಿದರು. ಎರಡನೆಯ ಕಂತು ನಮ್ಮ ಕೈಗೆ ಬಿಸಿಯಾಗಿ ತಾಗುವುದಿಲ್ಲ, ಏಕೆಂದರೆ ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಗಾಳಿಯಲ್ಲಿ ಕರಗಿಹೋಗುತ್ತದೆ.

ಇಲ್ಲಿ ಒಂದು ಸಣ್ಣ ವ್ಯತ್ಯಾಸವನ್ನು ಗಮನಿಸಬೇಕು. ಭಟ್ಟಿಯಲ್ಲಿ ಇದ್ದಿಲು ಉರಿಯುವುದೂ ಕಲ್ಲು ಒಡೆಯುವುದೂ ಒಟ್ಟಿಗೆ ನಡೆದರೂ ಜಾತಿಯಲ್ಲಿ ಬೇರೆ. ಇದ್ದಿಲಿನ ಕಾರ್ಬನ್ ಆಕ್ಸಿಜನ್ನಿಗೆ ಎಲೆಕ್ಟ್ರಾನುಗಳ ಹಿಡಿತವನ್ನು ಬಿಟ್ಟುಕೊಡುತ್ತದೆ, ಹಾಗಾಗಿ ಅದು ಉತ್ಕರ್ಷಣ ಮತ್ತು ಅಪಕರ್ಷಣದ ಕ್ರಿಯೆ. ಸುಣ್ಣದ ಮೂರು ಹಂತಗಳಲ್ಲಿ ಎಲೆಕ್ಟ್ರಾನುಗಳ ಆ ಬಗೆಯ ಕೈಬದಲು ಎಲ್ಲಿಯೂ ಇಲ್ಲ. ಅಲ್ಲಿ ನಡೆಯುವುದೆಲ್ಲ ಆಮ್ಲ ಮತ್ತು ಪ್ರತ್ಯಾಮ್ಲದ ವ್ಯವಹಾರ. ಸುಣ್ಣದ ತಿಳಿನೀರಿನ ಪಿಎಚ್ (ಆಮ್ಲ ಮತ್ತು ಪ್ರತ್ಯಾಮ್ಲ ಗುಣದ ಅಳತೆ; 7ನ್ನು ಮೀರಿದರೆ ಪ್ರತ್ಯಾಮ್ಲ) 12ನ್ನು ಮೀರಿರುವುದರಿಂದಲೇ ಅರಿಸಿನದ ನೀರಿಗೆ ಚೂರು ಸುಣ್ಣ ಹಾಕಿದೊಡನೆ ಅದು ಕೆಂಪು ಓಕುಳಿಯಾಗುತ್ತದೆ. ಅದಕ್ಕೇ ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ಆರತಿಯ ತಟ್ಟೆಯಲ್ಲಿ ಇದನ್ನು ನೋಡಿದವರೆಲ್ಲರೂ ಒಂದು ಸೂಚಕ ದ್ರಾವಣವನ್ನು ನೋಡಿದವರೇ.

ದಿಕ್ಕಿನ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಶಾಖ ಬಿಡುವ ಕ್ರಿಯೆ ತಾನಾಗಿ ನಡೆಯುವುದು ಸಹಜವೆನಿಸುತ್ತದೆ. 178 ಕಿಲೋಜೌಲ್ ನುಂಗುವ ಕಲ್ಲಿನ ವಿಭಜನೆ ಭಟ್ಟಿಯಲ್ಲಾದರೂ ಏಕೆ ನಡೆಯಬೇಕು? ಉತ್ತರ ಹೊರಟುಹೋಗುವ ಅನಿಲದಲ್ಲಿದೆ. ಹರಳಿನೊಳಗೆ ಸಾಲಾಗಿ ಕಟ್ಟುಬಿದ್ದಿದ್ದ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾದರೆ ಅದರ ಅಣುಗಳು ಎಣಿಸಲಾರದಷ್ಟು ಬಗೆಗಳಲ್ಲಿ ಹರಡಿಕೊಳ್ಳಬಲ್ಲವು. ಹೀಗೆ ಹರಡಿಕೊಳ್ಳುವ ಸಾಧ್ಯತೆಯ ಅಳತೆಯನ್ನೇ ಎಂಟ್ರೊಪಿ ಎನ್ನುತ್ತಾರೆ. ಉಷ್ಣತೆ ಏರಿದಷ್ಟೂ ಈ ಹರಡುವಿಕೆಯ ತೂಕ ಹೆಚ್ಚುತ್ತಾ ಹೋಗಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕಲ್ಲಿನಿಂದ ಹೊರಬರುವ ಅನಿಲದ ಒತ್ತಡ ವಾತಾವರಣದ ಒತ್ತಡಕ್ಕೆ ಸಮವಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯಲ್ಲಿರುವ ಶೇ 0.04ರಷ್ಟು ಕಾರ್ಬನ್ ಡೈಆಕ್ಸೈಡೇ ಅದಕ್ಕೆ ಹೋಲಿಸಿದರೆ ಮಹಾಸಾಗರ. ಆದ್ದರಿಂದಲೇ ಒಂದೇ ಕ್ರಿಯೆ ಭಟ್ಟಿಯಲ್ಲಿ ಮುಂದಕ್ಕೂ ತಣ್ಣಗಿನ ಗಾಳಿಯಲ್ಲಿ ಹಿಂದಕ್ಕೂ ಸಾಗುತ್ತದೆ.

ಮುಚ್ಚಿದ ಪಾತ್ರೆಯಲ್ಲಿ ಕಲ್ಲನ್ನು ಕಾಯಿಸಿದರೆ ಸ್ವಲ್ಪ ಅನಿಲ ಬಂದು ಕ್ರಿಯೆ ನಿಂತಂತೆ ಕಾಣುತ್ತದೆ. ನಿಜದಲ್ಲಿ ಅದು ನಿಂತಿರುವುದಿಲ್ಲ; ಎಷ್ಟು ಕಲ್ಲು ಒಡೆಯುತ್ತಿದೆಯೋ ಅಷ್ಟೇ ಮತ್ತೆ ಕೂಡಿಕೊಳ್ಳುತ್ತಿರುತ್ತದೆ. ಇದೇ ರಾಸಾಯನಿಕ ಸಮತೋಲನ. ಸುಣ್ಣದ ಭಟ್ಟಿಗೆ ಕೆಳಗೆ ಗಾಳಿಕಂಡಿಯನ್ನೂ ಮೇಲೆ ತೆರೆದ ಬಾಯನ್ನೂ ಇಡುವುದು ಬೆಂಕಿ ಉರಿಯಲಿ ಎಂಬುದಕ್ಕಾಗಿ ಮಾತ್ರವಲ್ಲ. ಹುಟ್ಟಿದ ಅನಿಲವನ್ನು ಗಾಳಿಯ ಸೆಳೆತ ಒಯ್ಯುತ್ತಲೇ ಇದ್ದರೆ ಸಮತೋಲನಕ್ಕೆ ಅವಕಾಶವೇ ಸಿಗದೆ ಕಲ್ಲು ಕೊನೆಯ ಚೂರಿನವರೆಗೂ ಒಡೆಯುತ್ತದೆ. ಭಟ್ಟಿ ಕಟ್ಟಿದವರಿಗೆ ಈ ಪದ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಸಮತೋಲನವನ್ನು ಮನೆಯಲ್ಲಿ ನೋಡಬೇಕೆಂದರೆ ಸುಣ್ಣದ ತಿಳಿನೀರು ಸಾಕು. ಒಂದು ಲೀಟರ್ ನೀರಿನಲ್ಲಿ ಕರಗುವ ಅರಳಿದ ಸುಣ್ಣ ಎರಡು ಗ್ರಾಂಗಿಂತ ಕಡಿಮೆ. ತಿಳಿಯಾದ ಆ ನೀರಿಗೆ ಸ್ಟ್ರಾದಿಂದ ಊದಿದರೆ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹುಟ್ಟಿ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಎಚ್ಚರಿಕೆಯಿರಲಿ, ಊದಬೇಕೇ ಹೊರತು ಹೀರಬಾರದು. ಬಹಳ ಹೊತ್ತು ಊದುತ್ತಲೇ ಹೋದರೆ ಬಿಳುಪು ಕರಗಿ ನೀರು ಮತ್ತೆ ತಿಳಿಯಾಗುತ್ತದೆ, ಏಕೆಂದರೆ ಹೆಚ್ಚುವರಿ ಅನಿಲದೊಂದಿಗೆ ಅದು ಕರಗುವ ಬೈಕಾರ್ಬೊನೇಟ್ ಆಗುತ್ತದೆ. ಆ ನೀರನ್ನು ಕಾಯಿಸಿದರೆ ಅನಿಲ ಹಾರಿಹೋಗಿ ಬಿಳುಪು ಮರಳುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರನ್ನು ದಿನವೂ ಕಾಯಿಸುವ ಹಂಡೆಯ ಒಳಗೆ ಕೆರೆದರೂ ಬಿಡದ ಬಿಳಿಯ ಪದರು ಕಟ್ಟುವುದು ಈ ಕೊನೆಯ ಹೆಜ್ಜೆಯಿಂದಲೇ.

ದಿಕ್ಕು ಸರಿಯಿದ್ದ ಮಾತ್ರಕ್ಕೆ ಕ್ರಿಯೆ ಬೇಗ ಮುಗಿಯಬೇಕೆಂದೇನೂ ಇಲ್ಲ. ನಮ್ಮ ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ 4ರಷ್ಟಿದೆ, ಅಂದರೆ ಗಾಳಿಯಲ್ಲಿರುವುದರ ನೂರುಪಟ್ಟು. ಹಾಗಾಗಿ ಊದಿದಾಗ ತಿಳಿನೀರು ನಿಮಿಷದೊಳಗೆ ಬೆಳ್ಳಗಾದರೆ, ತೆರೆದ ಬಟ್ಟಲಿನಲ್ಲಿ ಸುಮ್ಮನೆ ಇಟ್ಟ ನೀರಿನ ಮೇಲೆ ಕೆನೆಯಂಥ ತೆಳು ಪದರು ಮೂಡಲು ಬಹಳ ಹೊತ್ತು ಬೇಕು. ಸಾಂದ್ರತೆ, ಉಷ್ಣತೆ, ಒಂದನ್ನೊಂದು ಮುಟ್ಟುವ ಮೇಲ್ಮೈಯ ವಿಸ್ತಾರ, ಇವು ವೇಗವನ್ನು ನಿರ್ಧರಿಸುತ್ತವೆ. ಇವುಗಳ ಜೊತೆಗೆ ಅಣುಗಳು ಹಳೆಯ ಬಂಧವನ್ನು ಸಡಿಲಿಸಿ ಹೊಸದನ್ನು ಕೂಡುವ ನಡುವೆ ಹತ್ತಬೇಕಾದ ಒಂದು ಶಕ್ತಿಯ ದಿಬ್ಬವಿದೆ. ಆ ದಿಬ್ಬ ಎತ್ತರವಾಗಿದ್ದರೆ ಇಳಿಜಾರು ಎಷ್ಟೇ ಆಳವಾಗಿದ್ದರೂ ಕ್ರಿಯೆ ತೆವಳುತ್ತದೆ.

ಮೇಲ್ಮೈ ಎಷ್ಟು ಮುಖ್ಯ ಎಂಬುದನ್ನು ಗಾರೆ ಕೆಲಸದವರು ಪುಸ್ತಕವಿಲ್ಲದೆಯೇ ಬಲ್ಲರು. ಭಟ್ಟಿಯಲ್ಲಿ ಅತಿಯಾಗಿ ಸುಟ್ಟ ಹರಳು ಕುಗ್ಗಿ, ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡು ಗಟ್ಟಿಯಾಗುತ್ತದೆ. ರಾಸಾಯನಿಕವಾಗಿ ಅದು ಅದೇ ಕ್ಯಾಲ್ಸಿಯಂ ಆಕ್ಸೈಡ್, ಆದರೆ ನೀರು ಒಳಗಿಳಿಯಲು ದಾರಿಯಿಲ್ಲದೆ ತೀರಾ ನಿಧಾನವಾಗಿ ಅರಳುತ್ತದೆ. ಅಂಥ ಕಣ ಗಾರೆಯಲ್ಲಿ ಉಳಿದರೆ ಗೋಡೆ ಒಣಗಿದ ಎಷ್ಟೋ ದಿನಗಳ ಮೇಲೆ ಅರಳಿ ಹಿಗ್ಗಿ, ನಯವಾದ ಗಿಲಾವಿನ ಮೇಲೆ ಕಾಸಿನಗಲ ಚಕ್ಕೆ ಎಬ್ಬಿಸುತ್ತದೆ. ಅರಳಿದ ಸುಣ್ಣವನ್ನು ಸೋಸಿ, ನೀರು ನಿಲ್ಲಿಸಿದ ಗುಂಡಿಯಲ್ಲಿ ಬಹುಕಾಲ ಕೊಳೆಯಲು ಬಿಡುತ್ತಿದ್ದುದು ಇದಕ್ಕಾಗಿಯೇ. ಮೇಲಿನ ನೀರು ಗಾಳಿಯನ್ನು ತಡೆಯುವುದರಿಂದ ಅದು ಅಷ್ಟು ಕಾಲವೂ ಕಲ್ಲಾಗದೆ ಬೆಣ್ಣೆಯಂತೆ ಉಳಿಯುತ್ತದೆ.

ಸುಣ್ಣದ ಸುಡುವ ಗುಣವನ್ನು ಲಘುವಾಗಿ ಕಾಣಬಾರದು. ಹರಳಾಗಲಿ, ಎಲೆಅಡಿಕೆಗೆಂದು ಮಾರುವ ಸುಣ್ಣದ ಪೊಟ್ಟಣವಾಗಲಿ ಮಕ್ಕಳ ಕೈಗೆ ಸಿಗಬಾರದು. ಪೊಟ್ಟಣ ಹಿಸುಕಿದಾಗ ಸಿಡಿದು ಕಣ್ಣಿಗೆ ಬಿದ್ದರೆ ಅದು ಕಣ್ಣಿನ ಪಾರದರ್ಶಕ ಪೊರೆಯನ್ನೇ ಹಾಳುಗೆಡವಬಲ್ಲದು. ಹಾಗಾದಲ್ಲಿ ಆ ಕ್ಷಣವೇ ಧಾರಾಳವಾಗಿ ಶುದ್ಧ ನೀರು ಹಾಯಿಸಿ ಕಣ್ಣನ್ನು ಬಹಳ ಹೊತ್ತು ತೊಳೆಯುತ್ತಾ ಸುಣ್ಣದ ಕಣಗಳನ್ನು ಹೊರಹಾಕಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಭಟ್ಟಿಯಲ್ಲಿ ಹೊರಟುಹೋದ ಆ 44 ಕಿಲೋ ಇಂದು ಇಡೀ ಜಗತ್ತಿನ ಚಿಂತೆಯಾಗಿದೆ. ಸೇಡಂ, ವಾಡಿ, ಬಾಗಲಕೋಟೆಗಳ ಸುಣ್ಣದ ಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ನಡೆಸುತ್ತಿದೆ, ಮತ್ತು ಸಿಮೆಂಟ್ ತಯಾರಿಕೆಯ ಮೊದಲ ಹೆಜ್ಜೆಯೂ ಕಲ್ಲಿನಿಂದ ಕಾರ್ಬನ್ ಡೈಆಕ್ಸೈಡನ್ನು ಓಡಿಸುವುದೇ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ 7ರಿಂದ 8 ಎಂದು ಅಂದಾಜಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಉರುವಲಿನಿಂದಲ್ಲ, ಕಲ್ಲಿನಿಂದಲೇ. ಆದ್ದರಿಂದ ಭಟ್ಟಿಯನ್ನು ಪೂರ್ತಿ ಸೌರವಿದ್ಯುತ್ತಿನಿಂದ ಕಾಯಿಸಿದರೂ ಆ ಪಾಲು ಹೋಗುವುದಿಲ್ಲ. ಸಮೀಕರಣದ ಬಲಬದಿಯಲ್ಲಿ ಅದನ್ನು ಬರೆದೇ ಇದೆ. ಸಿಮೆಂಟ್ ಗಟ್ಟಿಯಾಗುವುದು ನೀರಿನೊಂದಿಗಿನ ಬೇರೆಯದೇ ಕ್ರಿಯೆಯಿಂದಾದ್ದರಿಂದ, ಸುಣ್ಣದ ಗಾರೆಯಂತೆ ಅದು ಬಿಟ್ಟ ಅನಿಲವನ್ನೆಲ್ಲ ಮರಳಿ ಪಡೆಯುವುದೂ ಇಲ್ಲ.

ಸುಣ್ಣದ ಗಾರೆ ಮರಳಿ ಪಡೆಯುತ್ತದೆ, ಆದರೆ ತನ್ನದೇ ನಿಧಾನದಲ್ಲಿ. ಅನಿಲ ಹೊರಗಿನಿಂದ ರಂಧ್ರಗಳ ಮೂಲಕ ಒಳಗಿಳಿಯಬೇಕು, ಅದು ಕರಗಲು ಅಲ್ಲಿ ತುಸು ತೇವವೂ ಇರಬೇಕು. ಮೇಲಿನ ಪದರು ಕಲ್ಲಾದಷ್ಟೂ ಒಳಗಿನ ದಾರಿ ಕಿರಿದಾಗುತ್ತದೆ. ಸುಣ್ಣದ ಗಾರೆಯ ದಪ್ಪ ತುಂಡೊಂದನ್ನು ಮುರಿದು, ಹಸಿಯಾದ ಒಡಕಿನ ಮೇಲೆ, ಪ್ರಬಲ ಪ್ರತ್ಯಾಮ್ಲ ಸಿಕ್ಕಾಗ ಮಾತ್ರ ಬಣ್ಣ ತಾಳುವ ಫಿನಾಫ್ತಲೀನ್ ಎಂಬ ಸೂಚಕ ದ್ರಾವಣವನ್ನು ಹನಿಸಿದರೆ ಇದು ಕಣ್ಣಿಗೆ ಕಾಣುತ್ತದೆ. ಗಾಳಿಗೆ ತೆರೆದುಕೊಂಡಿದ್ದ ಅಂಚು ಬಣ್ಣವಿಲ್ಲದೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದು ಆಗಲೇ ಕಲ್ಲಾಗಿದೆ; ಒಳಗಿನ ಭಾಗ ಅರಿಸಿನದ ಓಕುಳಿಯ ಹಾಗೆ ರಂಗೇರುತ್ತದೆ. ಆ ಬಣ್ಣದ ಗೆರೆಯ ಒಳಬದಿಯಲ್ಲಿರುವುದು ಇನ್ನೂ ಡ್ರಮ್ಮಿನಲ್ಲಿ ಕುದಿದು ಅರಳಿದ ಸುಣ್ಣವೇ, ತನ್ನ ಎರಡನೆಯ ಕಂತನ್ನು ಕಟ್ಟಲು ಗಾಳಿ ಬರುವುದನ್ನು ಕಾಯುತ್ತಿರುವುದು.